ಅರವತ್ತೆರಡನೆಯ ಪುಟದಿಂದ ಮಾಡಿದ ಶಿಫಾರಸು

ಪುಸ್ತಕದ ಪಕ್ಕದಲ್ಲಿ ಚಹಾದ ಕಪ್ಪಿಟ್ಟು ಫೋಟೊ ತೆಗೆದು, ‘ಸದ್ಯದ ಓದು’ ಎಂದು ವಾಟ್ಸಾಪಿಗೆ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಓದುವವನು ಓದಬೇಕೋ, ಕಪ್ಪನ್ನು ಎಲ್ಲಿಡಬೇಕೆಂದು ಯೋಚಿಸಬೇಕೋ? ಒಮ್ಮೆ ಇಂಥ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಪುಸ್ತಕಕ್ಕೆ ಸುತ್ತಿದ ಪ್ಲಾಸ್ಟಿಕ್ಕನ್ನೇ ಇನ್ನೂ ಬಿಚ್ಚಿರಲಿಲ್ಲ. ಕೆಳಗೆ ಮಾತ್ರ ‘ಎಲ್ಲರೂ ಓದಲೇಬೇಕು’ ಎಂಬ ಅಪ್ಪಣೆ. ಎಲ್ಲರೂ ಅಂದರೆ, ಅವರೊಬ್ಬರನ್ನು ಬಿಟ್ಟು.

ಸೊಲ್ಲಾಪುರದಲ್ಲಿ ಕನ್ನಡ ಓದುವ ನಾವು ಎಂಟು ಹತ್ತು ಜನ ತಿಂಗಳಿಗೊಂದು ಭಾನುವಾರ ಬಸವಣ್ಣೆಪ್ಪ ಶೇಠರ ಚಾದರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಗಂಟುಗಳ ಮೇಲೆ ಕೂತು, ಸದ್ಯ ಏನು ಓದುತ್ತಿದ್ದೇವೆಂದು ಒಬ್ಬೊಬ್ಬರೂ ಹತ್ತು ನಿಮಿಷ ಹೇಳಬೇಕು. ಕೇಳಿ ಮನಸ್ಸಾದವರು ಆ ಪುಸ್ತಕವನ್ನು ಮನೆಗೆ ಒಯ್ಯಬೇಕು. ಇಲ್ಲಿ ಕನ್ನಡ ಪುಸ್ತಕ ಸುಲಭಕ್ಕೆ ಸಿಗುವುದಿಲ್ಲ. ಯಾರೋ ವಿಜಯಪುರಕ್ಕೋ ಕಲಬುರಗಿಗೋ ಹೋದಾಗ ತಂದ ಒಂದೇ ಪ್ರತಿ ಹತ್ತು ಮನೆ ತಿರುಗುತ್ತದೆ. ಹಾಗಾಗಿ ನಮ್ಮಲ್ಲಿ ಸುಳ್ಳು ಶಿಫಾರಸು ಅಂದರೆ ಒಬ್ಬ ಮನುಷ್ಯನ ನಾಲ್ಕು ತಿಂಗಳನ್ನು ಹಾಳು ಮಾಡಿದ ಹಾಗೆ.

ಶೇಠರೇ ಇದಕ್ಕೆ ಮೊದಲ ಉದಾಹರಣೆ. ಮೂರು ವರ್ಷದಿಂದ ಒಂದೇ ದಪ್ಪ ಪುಸ್ತಕವನ್ನು ‘ಸದ್ಯ’ ಓದುತ್ತಿದ್ದಾರೆ. ಗುರುತಿಗೆ ಒಂದು ಲಗ್ನಪತ್ರಿಕೆ ಇಟ್ಟಿದ್ದಾರೆ. ಆ ದಂಪತಿಗೆ ಈಗ ಎರಡು ಮಕ್ಕಳು. ಪತ್ರಿಕೆ ಮಾತ್ರ ಇದ್ದಲ್ಲೇ ಇದೆ. ಕೇಳಿದರೆ, “ಗಡಬಡಿ ಮಾಡಿ ಓದೂ ಪುಸ್ತಕ ಅಲ್ರಿ ಸರ್ ಇದು” ಅನ್ನುತ್ತಾರೆ.

ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿದ ನನಗೆ ಇಂಥದ್ದನ್ನು ಸಹಿಸಲಾಗುವುದಿಲ್ಲ. ನಮ್ಮ ಹಳೆಯ ತಾರ್ಕಿಕರು ಕಣ್ಣಾರೆ ಕಂಡದ್ದನ್ನು, ಊಹಿಸಿ ತಿಳಿದದ್ದನ್ನು ಪ್ರಮಾಣವೆಂದರು. ಜೊತೆಗೆ ನಂಬಿಕಸ್ಥನ ಮಾತನ್ನೂ ಪ್ರಮಾಣವೆಂದರು. ಪುಸ್ತಕದ ಶಿಫಾರಸು ಈ ಕೊನೆಯ ಜಾತಿಯದು. ಹೇಳುವವನು ಸ್ವತಃ ಕಂಡಿರಬೇಕು, ಕಂಡದ್ದನ್ನು ಕಂಡಂತೆ ಹೇಳಬೇಕು. ಇದನ್ನು ನಮ್ಮ ಕೂಟದಲ್ಲಿ ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಗಂಟಲು ಸರಿಪಡಿಸಿಕೊಂಡ ತಕ್ಷಣ ಶೇಠರು ಚಹಾ ತರಿಸಲು ಎದ್ದು ಹೋಗುತ್ತಾರೆ.

ಕಳೆದ ಬೇಸಗೆಯಲ್ಲಿ ನಾನೊಂದು ಕಾದಂಬರಿಯನ್ನು ಶಿಫಾರಸು ಮಾಡಿದೆ. ಅದರಲ್ಲೊಂದು ಸನ್ನಿವೇಶ: ಅರವತ್ತರ ಅತ್ತೆ, ಅಕ್ಷರ ಕಲಿತವಳಲ್ಲ. ಸೊಸೆ ರೊಟ್ಟಿ ಬಡಿಯುವ ಮೊದಲು, ನಾದುವ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹರವಿ, ಬೆರಳಿನಿಂದ ‘ಅ’ ಬರೆದು ತೋರಿಸುತ್ತಾಳೆ. ಅತ್ತೆ ತಿದ್ದುತ್ತಾಳೆ. ತಿದ್ದಿದ ಅಕ್ಷರವೇ ನೀರು ಬಿದ್ದು ರೊಟ್ಟಿಯಾಗುತ್ತದೆ, ಮನೆಯವರೆಲ್ಲ ಅತ್ತೆಯ ಪಾಠವನ್ನು ಉಣ್ಣುತ್ತಾರೆ. ಇದನ್ನು ಹೇಳುವಾಗ ಬೆರಳಿನಿಂದ ಗಾಳಿಯಲ್ಲೇ ‘ಅ’ ಬರೆದು ತೋರಿಸಿದೆ. ಪುಸ್ತಕವನ್ನು ಶೋಭಾ ಒಯ್ದಳು.

ಶೋಭಾ ಚಪಳಗಾಂವದವಳು. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಕನ್ನಡ ಶಾಲೆ ನಾಲ್ಕನೆಯ ತರಗತಿಗೇ ಮುಗಿದಿತ್ತು. ಈಗ ಹಟ ಹಿಡಿದು ಮತ್ತೆ ಓದುತ್ತಿದ್ದಾಳೆ. ನಾಲ್ಕು ತಿಂಗಳ ನಂತರ ಪುಸ್ತಕ ತಂದು ನನ್ನ ಮುಂದಿಟ್ಟಳು.

“ಸರ್, ಹಿಟ್ಟಿನಾಗ ಅಕ್ಷರ ಬರಿಯೂದು ಎಲ್ಲಿ ಐತ್ರಿ? ಪುಸ್ತಕ ಮುಗೀತು, ಅದು ಬರಲೇ ಇಲ್ಲ.”

“ನಡುವ ನಾಕು ಪುಟ ಹಾರಿಸಿರ್ತೀ ನೋಡವಾ” ಎಂದೆ, ಎಲ್ಲರ ಮುಂದೆ, ಮೇಷ್ಟರ ಗತ್ತಿನಲ್ಲಿ.

“ನನಗ ಹಾರಿಸಾಕ ಬರಂಗಿಲ್ರಿ. ಒಂದೊಂದ ಅಕ್ಷರ ಹಿಡಕೊಂಡ ಹೋಗಾಕಿ ನಾ.” ಆಮೇಲೆ ದನಿ ಇಳಿಸಿ ಹೇಳಿದಳು: “ದಿನಾ ಸಂಜಿಕಿ ನಮ್ಮ ಅತ್ತಿಗೆ ಓದಿ ಹೇಳೀನ್ರಿ. ‘ಆಕಿ ಬಂದ್ಳೇನು?’ ಅಂತ ದಿನಾ ಕೇಳೋರು. ಆಕಿ ಕಲತ್ರ ನಾನೂ ಕಲೀತೀನಿ ಅಂದಿದ್ರು. ಈಗ ಏನಂತ ಹೇಳ್ಲಿ?”

ಶೇಠರು ಚಹಾ ಬಸಿಯನ್ನು ಕೆಳಗಿಟ್ಟು, “ಸರ್, ನೀವು ಅದನ್ನ ಓದೀರೋ ಇಲ್ಲೋ?” ಎಂದರು. ಲಗ್ನಪತ್ರಿಕೆಯ ಶೇಠರು! ನನ್ನನ್ನು! ಸಿಟ್ಟಿನಲ್ಲಿ ಪುಸ್ತಕ ಕಸಿದುಕೊಂಡು ಮನೆಗೆ ಬಂದೆ.

ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ದಿನಕ್ಕೆರಡು ಸಲ ಮೆಟ್ಟಿಲು ಹತ್ತುತ್ತೇನೆ. ಆದರೆ ಓದಿದ ಪುಸ್ತಕದ ವಿಷಯದಲ್ಲಿ ಮಾತ್ರ ಈ ಅನುಮಾನಕ್ಕೆ ಯಾಕೋ ರಜೆ ಕೊಟ್ಟಿದ್ದೆ. ಇಡೀ ಪುಸ್ತಕವನ್ನು ಜಾಲಾಡಿದೆ. ಹಿಟ್ಟಿಲ್ಲ. ಕೊಣಮಿಗೆಯಿಲ್ಲ. ಅಸಲಿಗೆ ಅತ್ತೆಯೇ ಇಲ್ಲ. ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. ನಾನು ಪೆನ್ಸಿಲಿನಿಂದ ಗೆರೆ ಎಳೆಯದೆ ಓದುವವನಲ್ಲ. ನನ್ನ ಗೆರೆಗಳು ಅರವತ್ತೆರಡನೆಯ ಪುಟಕ್ಕೆ ನಿಂತಿದ್ದವು. ಪುಸ್ತಕಕ್ಕೆ ಒಟ್ಟು ಮುನ್ನೂರು ಪುಟ.

ಎರಡು ದಿನ ಕಪಾಟು ಕೆದರಿದ ಮೇಲೆ ಹಿಟ್ಟು ಸಿಕ್ಕಿತು, ಒಂದು ಮರಾಠಿ ಪುಸ್ತಕದಲ್ಲಿ. ಇದು ನಮ್ಮ ಕಡೆಯವರಿಗೇ ಬರುವ ರೋಗ. ಮನೆ ಕನ್ನಡ, ಶಾಲೆ ಮರಾಠಿ. ಓದಿದ್ದು ಒಳಗೆ ಹೋದ ಮೇಲೆ ಯಾವ ಬಾಗಿಲಿನಿಂದ ಬಂತೆಂಬ ಗುರುತು ಉಳಿಯುವುದಿಲ್ಲ. ಅಲ್ಲಿ ಆ ಸನ್ನಿವೇಶ ಇದ್ದದ್ದು ಎರಡೇ ಸಾಲು. ಸೊಸೆ ಹಿಟ್ಟಿನಲ್ಲಿ ಅಕ್ಷರ ಬರೆದಳು, ಅತ್ತೆ ನಕ್ಕಳು, ಮುಗಿಯಿತು. ತಿದ್ದಿದ್ದು, ರೊಟ್ಟಿಯಾದದ್ದು, ಮನೆಯವರು ಉಂಡದ್ದು ಎಲ್ಲ ನನ್ನದೇ ಅಡುಗೆ. ಪ್ಲಾಸ್ಟಿಕ್ ಬಿಚ್ಚದವನು ಕನಿಷ್ಠ ಇಲ್ಲದ ಅತ್ತೆಯನ್ನಾದರೂ ಹುಟ್ಟಿಸಿರಲಿಲ್ಲ.

ಮುಂದಿನ ಭಾನುವಾರ ಅಕ್ಕಲಕೋಟದಲ್ಲಿ ಎಸ್‌ಟಿ ಬಸ್ಸು ಬದಲಿಸಿ ಚಪಳಗಾಂವಕ್ಕೆ ಹೋದೆ. ಶೋಭಾಳ ಅತ್ತೆ ಗಂಗವ್ವ ಹೊಸ್ತಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದರು. ತಪ್ಪೊಪ್ಪಿಕೊಂಡು, ಮರಾಠಿಯ ಆ ಎರಡು ಸಾಲನ್ನು ಕನ್ನಡದಲ್ಲಿ ಹೇಳಿದೆ.

“ಇಷ್ಟಽ ಏನ್ರಿ?” ಎಂದರು ಗಂಗವ್ವ. “ಮುಂದ ಆಕಿ ಕಲತ್ಳೋ ಇಲ್ಲೋ?”

“ಬರದಿಲ್ರಿ ಅವ್ವಾರ.”

“ಕಲತಿರಾಕಿಲ್ಲ ತಗೋರಿ. ನಕ್ಕೋತ ಕುಂತ್ರ ಹೆಂಗ ಕಲೀತಾಳ? ಭಾಳ ಅವಘಡ ಐತಿ ಅದು, ಸುಲಭ ಅಲ್ಲ. ನನ್ನ ಹೆಸರಾಗ ನಾ ಇನ್ನೂ ‘ಗಂ’ ದಾಟಿಲ್ಲ.”

ನಾನು ಶೋಭಾಳ ಮುಖ ನೋಡಿದೆ. ಅವಳು ನಗು ತಡೆಯುತ್ತಿದ್ದಳು. “ಒಂದೂವರಿ ತಿಂಗಳಾತ್ರಿ ಸುರು ಮಾಡಿ. ನನಗೂ ನಿನ್ನೆನಽ ಗೊತ್ತಾತು. ನಾ ಡ್ಯೂಟಿಗೆ ಹೋದ ಮ್ಯಾಲೆ ಮೊಮ್ಮಗಳ ಕಡೆ ಬರಸ್ಕೊಂಡು ತಿದ್ದತಾರ.”

“ಪುಸ್ತಕದಾಗ ಆಕಿ ಬರೂತನಕಾ ಎಷ್ಟಂತ ಕಾಯ್ಲಿ? ಆಕಿದೇನು ವಯಸ್ಸು ಹೋಗತೈತಿ? ನನ್ನದು ಹೋಗತೈತಿ” ಎಂದರು ಗಂಗವ್ವ. “ಅದು ಬಿಡ್ರಿ. ಒಂದು ಮಾತು ಹೇಳ್ರಿ ಸರ್. ಆ ಹಿರಿಯಣ್ಣ ಕಡೀಕ ಮನಿ ಬಿಟ್ಟ ಹೋದನಲ್ಲ, ಅದು ಬರೋಬ್ಬರಿ ಅನಸ್ತೇನು ನಿಮಗ? ನಾವಿಬ್ಬರೂ ಇದರ ಮ್ಯಾಲೆ ಎಂಟು ದಿನ ಜಗಳಾಡೇವಿ.”

ಯಾವ ಹಿರಿಯಣ್ಣ? ಹಿಟ್ಟು ಹುಡುಕುವ ಭರದಲ್ಲಿ ಒಬ್ಬ ಮನುಷ್ಯ ಮನೆಯನ್ನೇ ಬಿಟ್ಟುಹೋದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಪುಸ್ತಕ ಮುಗಿಸಿಲ್ಲವೆಂದು ಗಂಗವ್ವನಿಗೆ ಗೊತ್ತಾಯಿತು. ಆಮೇಲೆ, ನಮ್ಮ ಕೂಟದಲ್ಲಿ ಯಾರೂ ತೋರಿಸದ ಸೌಜನ್ಯದಿಂದ, ಸುಲಿದ ಶೇಂಗಾವನ್ನು ನನ್ನ ಕಡೆ ಸರಿಸಿ ಹೇಳಿದರು: “ಓದ್ರಿ ಅದನ್ನ. ಚಲೋ ಐತಿ. ನಡುವ ಒಂದೀಟು ಎಳದಾರ, ಆದ್ರ ಬಿಡಬ್ಯಾಡ್ರಿ.”

ನನಗೆ ಇಂದಿಗೂ ಸಿಟ್ಟಿದೆ. ಯಾರ ಮೇಲೆ ಎಂಬುದು ಮಾತ್ರ ಮೊದಲಿನಷ್ಟು ಸ್ಪಷ್ಟವಿಲ್ಲ. ನನಗೆ ಬಂದ ಶಿಫಾರಸುಗಳಲ್ಲಿ ಕೊನೆಯ ಪುಟದ ತನಕ ಗ್ಯಾರಂಟಿ ಇದ್ದದ್ದು ಇದೊಂದೇ, ಅದೂ ಇನ್ನೂ ತಮ್ಮ ಹೆಸರು ಬರೆಯಲು ಬಾರದವರಿಂದ. ಗಂಗವ್ವ ಹೇಳಿದ್ದು ನಿಜ, ನಡುವೆ ಒಂದೀಟು ಎಳೆದಿದ್ದಾರೆ. ಹಿರಿಯಣ್ಣ ಇನ್ನೂ ಮನೆಯಲ್ಲೇ ಇದ್ದಾನೆ. ಯಾವ ಪುಸ್ತಕ, ಹೆಸರು ಹೇಳಿ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ನಾನಿನ್ನೂ ನೂರಾ ನಲವತ್ತನೆಯ ಪುಟದಲ್ಲಿದ್ದೇನೆ.