ಮೂವತ್ತೆರಡು ಅಕ್ಷರಗಳ ಕ್ಯಾಸೆಟ್

೧೯೮೭ರಲ್ಲಿ ನಾನು ಚನ್ನಗಿರಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಾಲೆಗೆ ಬಂದಿದ್ದ ಎರಡು ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ಆ ಕೋಣೆಯ ಬೀಗದ ಕೈ ನನ್ನ ಜನಿವಾರಕ್ಕಿಂತ ಹೆಚ್ಚು ನನ್ನ ಮೈಗೆ ಅಂಟಿಕೊಂಡಿದೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಕೀಬೋರ್ಡ್ ಮುಟ್ಟಬಾರದು, ದೂರದಿಂದ ನೋಡಬೇಕು. ಇವು ನಾನೇ ಮಾಡಿದ ನಿಯಮಗಳು.

ಆ ಯಂತ್ರಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಗೊತ್ತಿರಲಿಲ್ಲ. ಆದರೆ ನಮಗೆ ಬೇಕಾದ ಆಕಾರವನ್ನು ನಾವೇ ಬರೆದು ಕೊಡುವ ಒಂದು ಸೌಲಭ್ಯವಿತ್ತು. ಅಡ್ಡ ಎಂಟು, ಉದ್ದ ಎಂಟು, ಹೀಗೆ ಅರವತ್ತನಾಲ್ಕು ಮನೆಗಳ ಒಂದು ಚೌಕ. ಪ್ರತಿ ಸಾಲಿನ ಮನೆಗಳಿಗೆ ಎಡದಿಂದ ೧೨೮, ೬೪, ೩೨, ೧೬, ೮, ೪, ೨, ೧ ಎಂದು ಬೆಲೆ. ಚುಕ್ಕೆ ಬೀಳಬೇಕಾದ ಮನೆಗಳ ಬೆಲೆ ಕೂಡಿದರೆ ಆ ಸಾಲಿಗೆ ಒಂದು ಸಂಖ್ಯೆ. ಎಂಟು ಸಾಲಿಗೆ ಎಂಟು ಸಂಖ್ಯೆ ಕೊಟ್ಟರೆ ಒಂದು ಅಕ್ಷರ ತಯಾರು. ನಮ್ಮ ಯಂತ್ರ ಇಂಥ ಮೂವತ್ತೆರಡು ಆಕಾರಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿತ್ತು. ನಾನು ಏಳು ತಿಂಗಳು ಕೂತು ಮೂವತ್ತೆರಡು ಕನ್ನಡ ಅಕ್ಷರ ಕೂರಿಸಿದೆ. ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಜಾಗ ಉಳಿಯಲಿಲ್ಲ. ಹಾಗಾಗಿ ತೋರಿಸಲು ಒಂದು ಊರಿನ ಹೆಸರು ಹುಡುಕಿಕೊಂಡಿದ್ದೆ: ಸವಳಂಗ. ಕೊಂಬು, ದೀರ್ಘ ಏನೂ ಬೇಡದ ಹೆಸರು.

ಈ ಅಕ್ಷರ ಮೂಡಿಸುವ ಪ್ರೋಗ್ರಾಂ ಯಾರ ಕೈಗೂ ಸಿಗಬಾರದೆಂದು ನನಗೆ ಹಟವಿತ್ತು. ಯಾರಾದರೂ ನಕಲು ಮಾಡಿ ತಮ್ಮದೆಂದು ಮೆರೆದಾರು ಎಂಬ ಹೊಟ್ಟೆಕಿಚ್ಚು, ಬೇರೇನಲ್ಲ. ಒಳಗಿನ ಸಾಲುಗಳು ಪರದೆಯ ಮೇಲೆ ಕಾಣದಂತೆ ಮಾಡಿದೆ. ಒಂದೇ ಕ್ಯಾಸೆಟ್ಟಿನಲ್ಲಿ ತುಂಬಿಸಿದೆ. ಎರಡನೆಯದು ಮಾಡಿದರೆ ಅದು ಎಲ್ಲಿಗಾದರೂ ಹೋದೀತು ಎಂದು ಮಾಡಲಿಲ್ಲ. ಲೆಕ್ಕ ಬರೆದ ಕಾಗದಗಳನ್ನೆಲ್ಲ ಒಂದು ಬೆಳಿಗ್ಗೆ ಬಚ್ಚಲ ಹಂಡೆಯ ಒಲೆಗೆ ಹಾಕಿ, ಅದೇ ನೀರಿನಲ್ಲಿ ಸ್ನಾನ ಮಾಡಿ ಶಾಲೆಗೆ ಹೋದೆ.

ಅಷ್ಟರಲ್ಲಿ, ಆಗ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ಶಿವಮೊಗ್ಗದ ಶಿಕ್ಷಣ ಇಲಾಖೆಯಿಂದ ಒಂದು ಪತ್ರ ಬಂತು. ಚನ್ನಗಿರಿಯ ಯಂತ್ರಗಳು ಒಬ್ಬ ಶಿಕ್ಷಕರ ಆಟಿಕೆಯಾಗಿವೆ, ಬೇರೆಯವರಿಗೆ ಉಪಯೋಗವಿಲ್ಲ ಎಂದು ಯಾರೋ ದೂರು ಕೊಟ್ಟಿದ್ದರು. ಡಿಸೆಂಬರಿನಲ್ಲಿ ಅಧಿಕಾರಿಗಳು ಬಂದು ನೋಡಿ, ದೂರು ನಿಜವಾದರೆ ಯಂತ್ರಗಳನ್ನು ಜಿಲ್ಲಾ ಕೇಂದ್ರಕ್ಕೆ ಸಾಗಿಸುತ್ತಾರೆ ಎಂದಿತ್ತು. ನಮ್ಮ ಹೆಡ್ ಮಾಸ್ಟರು ಕಾಗದ ಓದಿ ನನ್ನ ಮುಖ ನೋಡಿದರು. ಅಧಿಕಾರಿಗಳು ಬರುವ ದಿನಕ್ಕೆ ಹೊಂದಿಸಿ ಎರಡು ದಿನದ ಕಾರ್ಯಾಗಾರ ಮಾಡೋಣ ಎಂದು ನಾನೇ ಹೇಳಿದೆ. ಸುತ್ತಲ ಊರುಗಳ ಮೇಷ್ಟ್ರುಗಳು ನನ್ನ ಪ್ರೋಗ್ರಾಂ ನೋಡಿ ಬೆರಗಾಗುತ್ತಾರೆ, ಎರಡನೆಯ ದಿನ ಮೂರು ಗಂಟೆಗೆ ಅಧಿಕಾರಿಗಳೂ ಬೆರಗಾಗುತ್ತಾರೆ, ದೂರು ಬಿದ್ದುಹೋಗುತ್ತದೆ. ಇದು ನನ್ನ ಯೋಜನೆ.

ಇಪ್ಪತ್ತನಾಲ್ಕು ಜನ ಬಂದರು. ಚನ್ನಗಿರಿ, ಸಂತೇಬೆನ್ನೂರು, ಹೊನ್ನಾಳಿ ಕಡೆಯವರೇ ಹೆಚ್ಚು. ನ್ಯಾಮತಿಯಿಂದ ಗಿರಿಜಮ್ಮ ಎಂಬ ಹೊಲಿಗೆ ಟೀಚರ್ ಬಂದಿದ್ದರು. ಜಗಳೂರಿನಿಂದ ಕೊಟ್ರಪ್ಪ ಎಂಬ ಗಣಿತದ ಮೇಷ್ಟ್ರು. ಅದು ಆಗ ಚಿತ್ರದುರ್ಗ ಜಿಲ್ಲೆ, ನಮ್ಮ ಆಹ್ವಾನದ ಪತ್ರ ಅಲ್ಲಿಗೆ ಹೋಗಿರಲಿಲ್ಲ. ಅವರು ಸುದ್ದಿ ಕೇಳಿ, ರಜೆ ಹಾಕಿ, ಎರಡು ಬಸ್ಸು ಬದಲಿಸಿ ತಾವಾಗಿಯೇ ಬಂದಿದ್ದರು.

ಮೊದಲ ದಿನ ನಾನು ಒಂದೊಂದೇ ಅಕ್ಷರವನ್ನು ಪರದೆಯ ತುಂಬ ದೊಡ್ಡದಾಗಿ ತೋರಿಸಿದೆ. ಕೊನೆಗೆ 'ಸವಳಂಗ' ಮೂಡಿದಾಗ ಚಪ್ಪಾಳೆ ಬಿತ್ತು. ಗಿರಿಜಮ್ಮ ಪಕ್ಕದವರಿಗೆ "ನಮ್ಮ ತವರೂರು" ಎಂದದ್ದು ಕೇಳಿಸಿತು. ಕೊಟ್ರಪ್ಪ ಎದ್ದು ನಿಂತರು.

"ನಮ್ಮ ಜಗಳೂರು ಬರಿಯಾಕೆ ಬರ್ತೈತೇನ್ರಿ ಸಾರ್?"

"ಇಲ್ಲ. ಕಾಗುಣಿತಕ್ಕೆ ಜಾಗ ಇಲ್ಲ."

"ಒಳಗೆ ಹೆಂಗ್ ಮಾಡೀರಿ ಅಂತ ಒಂದಿಷ್ಟು ತೋರಿಸ್ರಿ. ಎಲ್ಲಾದ್ರೂ ಜಾಗ ಸಿಗತೈತೇನೋ ನೋಡಾಣ."

"ಅದು ನಿಮಗೆ ತಿಳಿಯೋದಲ್ಲ ಮೇಷ್ಟ್ರೇ, ಕೂತ್ಕೊಳ್ಳಿ" ಎಂದೆ. ಅವರು ಕೂತರು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಿರಿಜಮ್ಮ ಮಾತ್ರ ಹಿಂದಿನ ಬೆಂಚಿನಲ್ಲಿ ತಲೆ ಬಗ್ಗಿಸಿಕೊಂಡು ಏನೋ ಬರೆಯುತ್ತಿದ್ದರು. ಹೋಗಿ ನೋಡಿದರೆ, ಕಸೂತಿ ಹಾಕಲು ಇಟ್ಟುಕೊಂಡ ಚೌಕದ ಪುಸ್ತಕದಲ್ಲಿ ನನ್ನ ಅಕ್ಷರಗಳನ್ನು ಚುಕ್ಕೆ ಎಣಿಸಿ ಇಳಿಸಿಕೊಳ್ಳುತ್ತಿದ್ದರು. "ದಿಂಬಿನ ಚೀಲಕ್ಕೆ ಚಂದ ಕಾಣ್ತಾವೆ ಸಾರ್" ಎಂದರು. ನನಗೆ ನಗು ಬಂತು. ದಿಂಬಿನ ಚೀಲದಿಂದ ನನಗೇನು ನಷ್ಟ ಎಂದು ಸುಮ್ಮನೆ ಬಿಟ್ಟೆ. ಇಪ್ಪತ್ತೇಳು ಅಕ್ಷರ ಮುಗಿಸುವ ಹೊತ್ತಿಗೆ ಅವರ ಬಸ್ಸಿನ ಸಮಯವಾಯಿತು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಯಂತ್ರ ಆರಿಸಿದರೆ ಅದರ ನೆನಪೆಲ್ಲ ಅಳಿಸಿಹೋಗುತ್ತದೆ, ದಿನವೂ ಕ್ಯಾಸೆಟ್ಟಿನಿಂದ ಮತ್ತೆ ತುಂಬಬೇಕು. ಅರ್ಧ ನಿಮಿಷಕ್ಕೆ ಒಳಗೆ ಕಿರುಗುಟ್ಟಿದ ಸದ್ದು. ತೆಗೆದು ನೋಡಿದರೆ ಟೇಪು ಚಕ್ರಕ್ಕೆ ಸುತ್ತಿಕೊಂಡು ಎರಡು ಕಡೆ ಹರಿದಿತ್ತು. ಅಂಟಿಸಿ ನೋಡಿದೆ, ಆಗಲಿಲ್ಲ. ಮೂರು ಗಂಟೆಗೆ ಅಧಿಕಾರಿಗಳು, ನನ್ನ ಕೈಯಲ್ಲಿ ಹರಿದ ಟೇಪು, ಕಾಗದಗಳು ಬೂದಿ. ಯಂತ್ರಗಳು ಹೋದವು ಎಂದೇ ಲೆಕ್ಕ ಹಾಕಿದೆ.

ಇಪ್ಪತ್ತನಾಲ್ಕು ಜನರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಲೆಗೆ ಹಾಕಿದ್ದನ್ನೂ ಹೇಳಿದೆ. ಯಾರೂ ನಗಲಿಲ್ಲ. ಗಿರಿಜಮ್ಮ ಎದ್ದು ಬಂದು ಕಸೂತಿ ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಇದರಾಗೆ ಇಪ್ಪತ್ತೇಳು ಐತೆ ಸಾರ್. ಉಳಿದಿದ್ದು ಐದು."

ಕೊಟ್ರಪ್ಪ ಪುಟ ತಿರುವಿ ನೋಡಿದರು. "ಚುಕ್ಕೆ ಐತೆ. ಇದನ್ನ ಸಂಖ್ಯೆ ಮಾಡಾದು ಹೆಂಗೆ ಅಂತ ಹೇಳ್ರಿ, ನಾವು ಕೂಡಿ ಕೊಡ್ತೀವಿ."

ಆಗ ನಾನು ಸೀಮೆಸುಣ್ಣ ತೆಗೆದುಕೊಂಡೆ. ಮನೆಗಳ ಬೆಲೆ ಬರೆದೆ. ನಡುವಿನ ನಾಲ್ಕು ಮನೆಗೆ ಚುಕ್ಕೆಯಿದ್ದರೆ ೩೨, ೧೬, ೮, ೪ ಕೂಡಿ ೬೦ ಎಂದು ತೋರಿಸಿದೆ. ಆಮೇಲೆ ನೆನಪಿನಿಂದ ಪ್ರೋಗ್ರಾಂ ಅನ್ನೇ ಬೋರ್ಡಿನ ಮೇಲೆ ಬರೆಯುತ್ತ ಹೋದೆ. ನಲವತ್ತು ಸಾಲಿಗೆ ಅದು ಮುಗಿಯಿತು. ಎಲ್ಲರೂ ಬರೆದುಕೊಂಡು, ಇನ್ನೂ ಇರಬಹುದೆಂದು ಪೆನ್ನು ಹಿಡಿದೇ ಕೂತಿದ್ದರು.

"ಇಷ್ಟೇನಾ ಸಾರ್?" ಎಂದರು ಕೊಟ್ರಪ್ಪ.

"ಇಷ್ಟೇ ಮೇಷ್ಟ್ರೇ" ಎಂದೆ. ಏಳು ತಿಂಗಳ ಜಂಬ ಅಲ್ಲಿಗೆ ಇಳಿಯಿತು.

ಒಂದು ಅಕ್ಷರವನ್ನು ಇಬ್ಬರಿಬ್ಬರು ಬೇರೆ ಬೇರೆಯಾಗಿ ಕೂಡುವುದು, ಲೆಕ್ಕ ತಾಳೆಯಾದರೆ ಮಾತ್ರ ಯಂತ್ರಕ್ಕೆ ಕೊಡುವುದು ಎಂದು ಕೊಟ್ರಪ್ಪ ಕ್ರಮ ಹಾಕಿಕೊಟ್ಟರು. ಗಿರಿಜಮ್ಮ ಉಳಿದ ಐದನ್ನು ಹೊಸದಾಗಿ ಬಿಡಿಸಿದರು. ಅದರಲ್ಲಿ 'ಳ' ಕೂಡ ಇತ್ತು. ನನ್ನ 'ಳ' ಸೊಟ್ಟಗಿತ್ತು ಎಂದು ಅವರದನ್ನು ನೋಡಿದಾಗಲೇ ನನಗೆ ಗೊತ್ತಾದದ್ದು. ಕೀಬೋರ್ಡ್ ಮುಂದೆ ಯಾರು ಯಾರೋ ಕೂತರು, ಎದ್ದರು. ಒಬ್ಬರು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಒಟ್ಟು ಇನ್ನೂರ ಐವತ್ತಾರು ಸಂಖ್ಯೆಗಳು. ಊಟವನ್ನು ಸರದಿಯ ಮೇಲೆ ಮಾಡಿದೆವು. ಎರಡೂ ಮುಕ್ಕಾಲಿಗೆ ಪರದೆಯ ಮೇಲೆ 'ಸವಳಂಗ' ಮತ್ತೆ ಮೂಡಿತು. ಈ ಸಲ ಕೂಡಲೇ ಆರು ಕ್ಯಾಸೆಟ್ಟಿಗೆ ತುಂಬಿಸಿದೆವು.

ಅಧಿಕಾರಿಗಳು ಮೂರೂ ಇಪ್ಪತ್ತಕ್ಕೆ ಬಂದರು. ಮಿತ ಮಾತಿನ ಮನುಷ್ಯ. ಪರದೆ ನೋಡಿದರು, ತಲೆಯಾಡಿಸಿದರು, ಬೆರಗಾಗಲಿಲ್ಲ. ಕಡತ ತೆರೆದು ನನ್ನನ್ನು ಕೇಳಿದರು: "ಇದೆಲ್ಲ ಸರಿ. ನಾಳೆ ನಿಮಗೆ ವರ್ಗವಾದರೆ ಇದನ್ನು ನಡೆಸುವವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅವರು, ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿದ್ದ ಗಿರಿಜಮ್ಮನವರ ಕಡೆ ತಿರುಗಿದರು. "ಅಮ್ಮಾ, ಆ 'ವ' ಸ್ವಲ್ಪ ಮುರಿದ ಹಾಗಿದೆ. ನಿಮ್ಮಿಂದ ಸರಿಮಾಡಲಿಕ್ಕೆ ಆಗುತ್ತಾ?"

ಗಿರಿಜಮ್ಮ ಸೆರಗು ಸರಿಮಾಡಿಕೊಂಡು ಕೂತರು. ಒಳಗಿನ ಸಾಲುಗಳನ್ನು ತೆರೆದು, ಪುಸ್ತಕ ನೋಡಿ, "ಐದನೇ ಸಾಲಿನಾಗೆ ಒಂದು ಹೊಲಿಗೆ ಬಿಟ್ಟೈತೆ" ಎಂದು ತಮಗೆ ತಾವೇ ಹೇಳಿಕೊಂಡು, ಒಂದು ಸಂಖ್ಯೆ ಬದಲಿಸಿದರು. 'ವ' ತುಂಬಿಕೊಂಡಿತು. ಅಧಿಕಾರಿಗಳು ಕಡತದಲ್ಲಿ ಏನೋ ಬರೆದು ಮುಚ್ಚಿದರು. ಯಂತ್ರಗಳು ಚನ್ನಗಿರಿಯಲ್ಲೇ ಉಳಿದವು.

ಆ ಸಂಜೆ ಖಾಲಿ ಕೋಣೆಯಲ್ಲಿ ಕೂತು ಯೋಚಿಸಿದೆ. ಕ್ಯಾಸೆಟ್ ಹರಿಯದೆ ಇದ್ದಿದ್ದರೆ ನಾನು ಅಂದುಕೊಂಡ ಹಾಗೆಯೇ ಎಲ್ಲ ನಡೆಯುತ್ತಿತ್ತು. ಅಧಿಕಾರಿಗಳು ಅದೇ ಪ್ರಶ್ನೆ ಕೇಳುತ್ತಿದ್ದರು. ಇಪ್ಪತ್ತನಾಲ್ಕು ಜನರೂ ನನ್ನ ಮುಖ ನೋಡುತ್ತಿದ್ದರು. ಯಂತ್ರಗಳು ಲಾರಿ ಹತ್ತುತ್ತಿದ್ದವು.

ಎರಡು ವರ್ಷದ ಮೇಲೆ, ೧೯೮೯ರಲ್ಲಿ, ಜಗಳೂರಿಗೆ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದೆ. ಕೊಟ್ರಪ್ಪನವರ ಶಾಲೆಗೂ ಅಷ್ಟರಲ್ಲಿ ಅಂಥದೇ ಒಂದು ಯಂತ್ರ ಬಂದಿತ್ತು. ಕೋಣೆಗೆ ಬೀಗವಿರಲಿಲ್ಲ. ಪರದೆಯ ಮೇಲೆ 'ಜಗಳೂರು' ಎಂದಿತ್ತು. ಉಪಯೋಗಕ್ಕೆ ಬಾರದ ಎರಡು ಅಕ್ಷರ ತೆಗೆದು, ಆ ಜಾಗದಲ್ಲಿ 'ಳೂ' ಮತ್ತು 'ರು' ಗಳನ್ನು ಇಡಿಯಾಗಿ ಬಿಡಿಸಿ ಕೂರಿಸಿದ್ದರು. ಅಷ್ಟು ಸುಲಭದ ಉಪಾಯ ನನಗೆ ಏಳು ತಿಂಗಳಲ್ಲಿ ಹೊಳೆದಿರಲಿಲ್ಲ.

ಒಳಗಿನ ಸಾಲುಗಳನ್ನು ತೆರೆಯಲು ಹೇಳಿದೆ. ನಿಜ ಹೇಳುತ್ತೇನೆ, ನನ್ನ ಹೆಸರು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಮೊದಲ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಮಾತು ಟೈಪ್ ಮಾಡಿದ್ದರು: ನೋಡಿ ಬರಕೊಳ್ಳಿ, ತಪ್ಪಿದ್ದರೆ ತಿದ್ದಿ.

"ಹೆಸರು ಯಾರದೂ ಹಾಕಿಲ್ವಲ್ಲ ಮೇಷ್ಟ್ರೇ" ಎಂದೆ.

"ಇಪ್ಪತ್ನಾಕು ಮಂದಿದು ಹಾಕಾಕೆ ಹೋದ್ರೆ ಮೆಮೊರಿ ಸಾಲಂಗಿಲ್ರಿ" ಎಂದರು ಕೊಟ್ರಪ್ಪ.

ಈಗ ಇಂಥದಕ್ಕೆ ಮುಕ್ತ ತಂತ್ರಾಂಶ ಎಂದು ಹೆಸರಿದೆ, ಊರೂರಲ್ಲಿ ಶಿಬಿರಗಳು ನಡೆಯುತ್ತವೆ. ನನ್ನನ್ನು ಮಾತಿಗೆ ಕರೆದರೆ ನಾನು ಹೇಳುವುದು ಇದೊಂದೇ ಪ್ರಸಂಗ. ಮೂವತ್ತು ವರ್ಷದ ಮೇಷ್ಟ್ರ ಕೆಲಸ ಕಲಿಸಿದ್ದೂ ಇದೇ: ಕಲಿಸಿದ್ದನ್ನು ಇನ್ನೊಬ್ಬರು ನನಗಿಂತ ಚೆನ್ನಾಗಿ ಮಾಡುವವರೆಗೆ ನನ್ನ ಪಾಠ ಮುಗಿದಿಲ್ಲ.

ಅವತ್ತು ಜಗಳೂರಿನಿಂದ ಹೊರಡುವ ಮುಂಚೆ ಕೇಳಿದೆ: "ನನಗೂ ಒಂದು ಕಾಪಿ ಕೊಡ್ತೀರಾ ಮೇಷ್ಟ್ರೇ?"

ಕೊಟ್ರಪ್ಪ ನಾನು ಅವರಿಗೆ ಹೇಳಿದ ಮಾತನ್ನು ನನಗೆ ತಿರುಗಿಸಿ ಹೇಳಬಹುದಿತ್ತು. ಹೇಳಲಿಲ್ಲ. ಮೇಜಿನ ಖಾನೆಯಿಂದ ಒಂದು ಕ್ಯಾಸೆಟ್ ತೆಗೆದು ನನ್ನ ಅಂಗಿಯ ಜೇಬಿನಲ್ಲಿಟ್ಟರು. ಅದು ಮೊದಲೇ ತುಂಬಿಸಿ ಇಟ್ಟದ್ದಾಗಿತ್ತು.