ಎರಡಕ್ಕೂ ಮೂರಕ್ಕೂ ನಡುವೆ

ಬೆಳಿಗ್ಗೆ ಎಂಟೂವರೆಗೆ ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಡಬ್ಬಿ ಅಕ್ಕಿ-ಬೆಲ್ಲದ ಹಾಲುಬಾಯಿ, ಬೈಂದೂರಿನ ಅಣ್ಣನಿಗೆಂದು ನಾನೇ ಹೊಲಿದ ಎರಡು ಅಂಗಿ. ಲಕ್ವ ಹೊಡೆದ ಮೇಲೆ ಅವನ ಬಲಗೈ ಏಳುವುದಿಲ್ಲ. ಅದಕ್ಕೇ ಗುಂಡಿಯ ಬದಲು ಒಂದೇ ಕೈಯಲ್ಲಿ ಒತ್ತಿದರೆ ಕೂರುವ ಟಿಚ್ ಬಟನ್ ಇಟ್ಟಿದ್ದೆ.

ಅಣ್ಣ ಗಂಗೊಳ್ಳಿ ಬಂದರಿನಲ್ಲಿ ಮೀನು ಏಲಂ ಕೂಗುತ್ತಿದ್ದವನು. ಒಂದ್ ಸಲ, ಎರಡ್ ಸಲ ಎಂದು ಕೂಗಿ, ಸುತ್ತ ನಿಂತವರ ಮುಖ ನೋಡುತ್ತ ಸುಮ್ಮನಾಗುತ್ತಿದ್ದ. ಮೂರ್ ಸಲ ಎಂದರೆ ರಾಶಿ ಹೋಯಿತು ಎಂದರ್ಥ. "ಎರಡಕ್ಕೂ ಮೂರಕ್ಕೂ ನಡು ಕಾಯುದೇ ನಮ್ಮ ಕೆಲ್ಸ" ಎನ್ನುತ್ತಿದ್ದ. ಚಿಕ್ಕವಳಿದ್ದಾಗ ಅವನಿಗೆ ಬುತ್ತಿ ಕೊಡಲು ಹೋದ ನಾನು, ತಡೆಯಲಾರದೆ ಅವನಿಗಿಂತ ಮೊದಲೇ "ಮೂರ್ ಸಲ" ಎಂದು ಕಿರುಚಿಬಿಟ್ಟಿದ್ದೆ. ಬಂಗುಡೆ ರಾಶಿ ಕಡಿಮೆಗೆ ಹೋಯಿತು, ದೋಣಿಯವರ ಬೈಗುಳವೆಲ್ಲ ಅವನ ತಲೆಗೆ ಬಿತ್ತು.

ನನ್ನ ಆ ಬುದ್ಧಿ ಇನ್ನೂ ಹೋಗಿಲ್ಲ. ಅಣ್ಣನಿಗೆ ಈಗ ಒಂದೊಂದು ಮಾತೂ ನಿಧಾನ. ಕಳೆದ ಸಲ ಹೋದಾಗ ಅವನು ಬಾಯಿ ತೆರೆದರೆ ಸಾಕು, ನೀರು ಕೊಟ್ಟೆ, ದಿಂಬು ಸರಿಸಿದೆ, ಫ್ಯಾನ್ ಹಾಕಿದೆ. ಒಂದು ಮಾತನ್ನೂ ಮುಗಿಸಲು ಬಿಡಲಿಲ್ಲ. ಕೊನೆಗೆ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ಮೂರು ತಿಂಗಳು ನಾನು ಫೋನ್ ಮಾಡಿದಾಗಲೆಲ್ಲ ಅವನ ಮಗಳು ಸುಜಾತಳದ್ದು ಒಂದೇ ಮಾತು: "ಅಪ್ಪ ಫೋನಿಗ್ ಬತ್ತಿಲ್ಲೆ ಅತ್ತೆ." ಈ ಸಲ ಅವನ ಒಂದು ಮಾತನ್ನಾದರೂ ಕೊನೆಯವರೆಗೆ ಕೇಳಿಯೇ ಬರಬೇಕೆಂದು ಹೊರಟಿದ್ದೆ.

ಅದಕ್ಕೆ ತಯಾರಿಯೂ ನಡೆದಿತ್ತು. ನನ್ನ ಹೊಲಿಗೆ ಅಂಗಡಿಗೆ ಬರುವ ಟೀಚರೊಬ್ಬರು, "ನಾನ್ ಹೇಳುಕ್ ಮುಂಚೆನೇ ಅಳತೆ ಬರ್ಕಂತ್ರಿ ಅಲ್ದಾ" ಎಂದು ನಕ್ಕು, ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಅರ್ಧ ಗಂಟೆಗೊಮ್ಮೆ ಅದು ಟಿಣ್ ಎನ್ನುತ್ತದೆ. ಒಬ್ಬ ಹೆಂಗಸು, "ಈ ಕ್ಷಣವನ್ನು ಗಮನಿಸಿ, ಒಂದು ದೀರ್ಘ ಉಸಿರು ತೆಗೆದುಕೊಳ್ಳಿ" ಎನ್ನುತ್ತಾಳೆ. ನಮ್ಮ ಕಡೆ ಹೀಗೆ ಮಾತಾಡುವವರನ್ನು ನಾನಂತೂ ಕಂಡಿಲ್ಲ. ಆದರೂ ಟಿಣ್ ಎಂದಾಗಲೆಲ್ಲ ಮೆಶಿನ್ನಿನ ಪೆಡಲಿನಿಂದ ಕಾಲು ತೆಗೆದು ಒಂದು ಉಸಿರು ಬಿಡುವುದನ್ನು ಕಲಿತೆ.

ಸಾಲಿಗ್ರಾಮ ದಾಟುವಾಗ ಮೊಬೈಲಿನ ಮೊದಲ ಗಂಟೆ ಬಾರಿಸಿತು. ಕುಂದಾಪುರದಲ್ಲಿ ಇಳಿದು ಗೋಳಿಬಜೆ ತಿಂದು ಚಾ ಕುಡಿದೆ. ಬಜೆ ಬಿಸಿಯಿದ್ದದ್ದು ಆ ದಿನ ನನ್ನ ಗಮನಕ್ಕೆ ಬಂತು. ಬೈಂದೂರು ಬಸ್ಸಿನಲ್ಲಿ ಎಡಬದಿಯ ಕಿಟಕಿ ಸಿಕ್ಕಿತು. ಪಕ್ಕದಲ್ಲಿ ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಮರಳುತ್ತಿದ್ದ ಹೆಂಗಸು ಕೂತಿದ್ದರು. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ ಬಿಸಿಲಿಗೆ ಹೊಳೆಯುತ್ತಿರುವಾಗ ಮತ್ತೆ ಟಿಣ್ ಎಂದಿತು.

"ಹ್ವಾಯ್, ಎಂತ ಅದ್? ಫೋನ್ ಬಂತಾ?"

"ಫೋನ್ ಅಲ್ಲ. ಒಂದ್ ಉಸಿರ್ ಬಿಡಿ ಅಂತ್ ಹೇಳುದ್."

"ಅದ್ಕೂ ಫೋನೇ ಹೇಳ್ಕಾ!" ಎಂದು ಅವರು ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಸಮುದ್ರ ನೋಡುತ್ತ ತಾವೂ ಒಂದು ಉದ್ದನೆಯ ಉಸಿರು ಬಿಟ್ಟರು. ನಾವುಂದದಲ್ಲಿ ಇಳಿಯುವಾಗ "ಬತ್ತೆ ಅಕ್ಕಾ" ಎಂದರು.

ಬೈಂದೂರಿನಲ್ಲಿ ಅಣ್ಣನ ಮನೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಅವನು ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಮುಖವನ್ನೇನೂ ತಿರುಗಿಸಲಿಲ್ಲ, ನಗಲೂ ಇಲ್ಲ. ಸುಜಾತ ಹೊಸ ಅಂಗಿ ತೊಡಿಸಿದಳು.

"ಅಂಗಿ..." ಎಂದ ಅಣ್ಣ.

"ನಾನೇ ಹೊಲ್ದದ್ ಅಣ್ಣ! ಟಿಚ್ ಬಟನ್ ಕಾಣ್, ಒಂದೇ ಕೈಯಂಗೆ..." ನನ್ನ ಬಾಯಿಗೆ ಬೀಗ ಎಲ್ಲಿದೆ?

ಅವನು ಬಾಯಿ ಮುಚ್ಚಿಕೊಂಡ. ಹಾಳು ಗಂಟೆ ಒಂದು ನಿಮಿಷ ಮೊದಲು ಬಾರಿಸಬಾರದಿತ್ತೇ? ಅದು ಬಾರಿಸುವವರೆಗೆ ಕಾಯದೆ ನಾನೇ ಉಸಿರೆಳೆದು ಬಿಟ್ಟೆ. "ತಪ್ಪಾಯ್ತ್ ಅಣ್ಣ, ನೀನ್ ಹೇಳ್" ಎಂದು ಅವನ ಕಾಲ ಬಳಿ ಮೆಟ್ಟಿಲ ಮೇಲೆ ಕೂತೆ.

ಒಳಗೆ ಒಗ್ಗರಣೆ ಚಟಪಟ ಎಂದಿತು. ರಸ್ತೆಯಲ್ಲಿ ಎರಡು ಲಾರಿ ಹೋದವು. ಹೇಳಲೇಬೇಕೆಂಬ ಹತ್ತು ಮಾತು ಗಂಟಲವರೆಗೆ ಬಂದವು, ನುಂಗಿದೆ.

"ಅಂಗಿ... ಉದ್ದ... ಆಯ್ತ್."

ನೋಡಿದರೆ ಹೌದು, ಭುಜದಲ್ಲೂ ಸಡಿಲ. ಅಳತೆ ಹಳೆಯದು, ನಮ್ಮ ಅಣ್ಣ ಇಳಿದುಹೋಗಿದ್ದ. ನನಗೆ ಅಳು ಬಂತು. ಅವನು ಎಡಗೈಯನ್ನು ನನ್ನ ತಲೆಯ ಮೇಲಿಟ್ಟ.

ಮಧ್ಯಾಹ್ನ ಅನ್ನಕ್ಕೆ ಬಂಗುಡೆ ಸಾರು. ಅಣ್ಣ ಎರಡು ತುಂಡು ಹಾಲುಬಾಯಿಯನ್ನೂ ತಿಂದ. ಊಟದ ನಂತರ ಎರಡೂ ಅಂಗಿಯ ಅಂಚನ್ನು ಕೈಹೊಲಿಗೆ ಹಾಕಿ ಗಿಡ್ಡ ಮಾಡಿದೆ. ನಡುವೆ ಗಂಟೆ ಬಾರಿಸಿದಾಗ ಅಣ್ಣ ಕಣ್ಣಲ್ಲೇ ಏನದು ಎಂದು ಕೇಳಿದ. ಹೇಳಿದೆ. ಬಾಯಿಯ ಒಂದು ಬದಿಯಲ್ಲಿ ನಕ್ಕ.

ನಾಲ್ಕು ಗಂಟೆಗೆ ಚೀಲ ಹಿಡಿದು ಅಂಗಳಕ್ಕಿಳಿದೆ. "ಅಣ್ಣ, ನಾಳೆ ಫೋನ್ ಮಾಡ್ರೆ ಮಾತಾಡ್ತ್ಯಾ?" ಎಂದು ಕೇಳಿಯೇ ಬಿಟ್ಟೆ.

ಅವನು ಎಡಗೈಯ ಒಂದು ಬೆರಳೆತ್ತಿದ. "ಒಂದ್... ಸಲ."

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. "ಅತ್ತೆ, ಬಸ್ ಬಂತ್! ಕೈ ಅಡ್ಡ ಹಿಡಿಲಾ?" ಎಂದು ಸುಜಾತ ಗೇಟಿನಿಂದ ಕೂಗಿದಳು. ಬೇಡವೆಂದು ತಲೆಯಾಡಿಸಿದೆ.

"ಎರಡ್... ಸಲ."

ಬಸ್ಸು ಧೂಳೆಬ್ಬಿಸಿ ಹೋಯಿತು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ, ಬಂದರಿನಲ್ಲಿ ನೋಡುತ್ತಿದ್ದ ಹಾಗೆಯೇ. ಚೀಲವನ್ನು ಕೆಳಗಿಟ್ಟು ತುಟಿ ಬಿಗಿಹಿಡಿದು ನಿಂತೆ. ಅವನು ಎಷ್ಟು ಹೊತ್ತು ಕಾಯಿಸಿದನೋ, ನನಗೆ ಅವಸರವಿರಲಿಲ್ಲ.

"ಮೂರ್ ಸಲ," ಎಂದ ಅಣ್ಣ. "ಫೋನ್... ಮಾಡ್. ನಾನೇ... ತೆಗಿತೆ."