ಶೈಲಾಳ ಎಡಗೈ ಬಳೆ

ಬಳೆಗಾರ್ತಿ ಮಾಬೂಬಿಗೆ ಅಕ್ಷರ ಬಾರದು. ಆದರೆ ಒಮ್ಮೆ ಬಳೆ ಇಟ್ಟ ಕೈಯ ಅಳತೆಯನ್ನು ಅವಳು ಮರೆತವಳಲ್ಲ.

ಆರು ತಿಂಗಳ ಹಿಂದೆ ಈರವ್ವನ ಮಗಳು ಶೈಲಾ ಗಂಡನ ಮನೆಯ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿತೆಂದು ಆ ಮನೆಯವರು ಹೇಳಿದ್ದರು, ಈರವ್ವ ನಂಬಿದ್ದಳು. ಸಾಯುವ ವಾರದಲ್ಲೇ ಗೆಳತಿಯೊಬ್ಬಳು ಶೈಲಾಳನ್ನು ಕೆಲಗೇರಿ ಕೆರೆಯ ದಂಡೆಯಲ್ಲಿ ಕೂರಿಸಿ ಬಿಡಿಸಿದ್ದ ಚಿತ್ರವನ್ನು ಈರವ್ವ ಈಗ ಅಂಗಡಿಗೆ ತಂದಿದ್ದಳು.

“ನೋಡ ಮಾಬೂಬಿ, ಹೆಂಗ ನಗಾಕತ್ತಾಳ! ಗಾಳಿಗೆ ಸೆರಗ ಹಾರಿದ್ದೂ ಖಬರಿಲ್ಲ. ಆದ್ರ ಆ ಗೆಳತಿ ಬಳಿ ತಪ್ಪ ಬರದಾಳ. ಬಲಗೈಗೆ ಬಂಗಾರದ ಚುಕ್ಕಿ ಇರೋ ಚಿಕ್ಕಿ ಬಳಿ, ಎಡಗೈಗೆ ಬರೇ ಹಸರು. ತಿದ್ದಸ್ತೇನಿ, ಒಂದು ಚಿಕ್ಕಿ ಬಳಿ ಕೊಡು, ತೋರ್ಸಾಕ.”

ಮಾಬೂಬಿ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ತಿದ್ದಸಬ್ಯಾಡ್ರಿ ಅಕ್ಕಾರ. ಆ ಬಳಿ ನಾನ ಇಟ್ಟೇನಿ. ಎಡಗೈಗಷ್ಟ ದೊಡ್ಡ ಅಳತಿ ಬೇಕಂದ್ಲು. ಚಿಕ್ಕಿವು ಆ ಅಳತ್ಯಾಗ ಇರಲಿಲ್ಲ.”

“ಒಂದ ಕೈಗೆ ಯಾಕ?”

“ಮಣಿಕಟ್ಟು ಬಾತಿತ್ತರಿ. ಬಾಗಲಾಗ ಸಿಕ್ಕೈತಿ ಅಂದ್ಲು. ‘ಗಂಡ ಒಂದ ಕೈಗೆ ತುಪ್ಪ ಉಣಸ್ತಾನೇನ’ ಅಂತ ನಾ ಚಾಷ್ಟಿ ಮಾಡಿದ್ನಿ. ಆಮ್ಯಾಲ ನೋಡಿದ್ರ, ನಾಕು ಬೆರಳಿನ ಗುರ್ತು ನೀಲಿಗಟ್ಟಿದ್ದವು.”

ಈರವ್ವ ಚಿತ್ರದಲ್ಲಿನ ಮಗಳ ನಗುವನ್ನು ಬಿಟ್ಟು ಅವಳ ಎಡಗೈಯನ್ನೇ ದಿಟ್ಟಿಸಿದಳು. ಗೆಳತಿ ಆ ಮಣಿಕಟ್ಟನ್ನು ಕಂಡಷ್ಟೇ ದಪ್ಪವಾಗಿ ಬರೆದಿದ್ದಳು.

“ಅವತ್ತ ನನಗ್ಯಾಕ ಹೇಳಲಿಲ್ಲ?”

“ಆ ಮನಿಯವರೂ ನನ್ನ ಗಿರಾಕಿರಿ.”

“ಈಗರ ಪೊಲೀಸ್ ಠಾಣಿಗೆ ಬಂದು ಹೇಳ್ತಿಯೇನ?”

ಮಾಬೂಬಿ ತಲೆ ತಗ್ಗಿಸಿ ಬಳೆಗಳನ್ನು ಜೋಡಿಸತೊಡಗಿದಳು. ಈರವ್ವ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬಳೇ ಮೆಟ್ಟಿಲಿಳಿದು ಠಾಣೆಯ ಕಡೆ ಹೋದಳು.